ಅತ್ತೆಯ ಮೂರು ಪಟ್ಟಿಗಳು

ನಮ್ಮ ಅತ್ತೆ ಕೇಂದ್ರ ಸರ್ಕಾರ. ಅವರು ಕೇಂದ್ರ ಸರ್ಕಾರದಲ್ಲಿ ಕೆಲಸ ಮಾಡುತ್ತಿದ್ದರು ಎಂದು ನೀವು ಓದಿಕೊಂಡಿದ್ದರೆ ದಯವಿಟ್ಟು ಇನ್ನೊಮ್ಮೆ ಓದಿ. ಅವರೇ ಕೇಂದ್ರ ಸರ್ಕಾರ! ರಾಮಮೂರ್ತಿ ನಗರದ ನಮ್ಮ ಮನೆಯ ನೆಲಮಹಡಿ ಅವರ ರಾಜಧಾನಿ. ಮೊದಲ ಮಹಡಿಯಲ್ಲಿ ಅವರ ದೊಡ್ಡ ತಮ್ಮ, ಅಂದರೆ ನಮ್ಮಪ್ಪ. ಎರಡನೆಯದರಲ್ಲಿ ಚಿಕ್ಕಪ್ಪ, ಮೂರನೆಯದರಲ್ಲಿ ಸಣ್ಣ ಚಿಕ್ಕಪ್ಪ. ಮೂರು ಮಹಡಿ, ಮೂರು ರಾಜ್ಯ. ನಾನು ಮೊದಲ ಮಹಡಿಯ ಪ್ರಜೆ. ಇಂದಿರಾನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ನನ್ನ ಕೆಲಸ, ಹೆದರುವುದು ನನ್ನ ಸ್ವಭಾವ.

ಹಲ್ಲಿ ಕಂಡರೆ ಹೆದರುತ್ತೇನೆ. ಲಿಫ್ಟಿನಲ್ಲಿ ಒಬ್ಬಳೇ ಹೋಗಲು ಹೆದರುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಅದು ತಾನಾಗಿ ಸುಮ್ಮನಾಗುವವರೆಗೂ ಉಸಿರು ಬಿಗಿಹಿಡಿದು ನೋಡುತ್ತಿರುತ್ತೇನೆ. ಇವೆಲ್ಲ ಒಂದು ತೂಕವಾದರೆ ಅತ್ತೆಯ ಭಯವೇ ಒಂದು ತೂಕ. ಅವರ ಬೀಗದ ಕೈ ಗೊಂಚಲಿನ ಸದ್ದು ಮೆಟ್ಟಿಲಲ್ಲಿ ಕೇಳಿಸಿದರೆ ಸಾಕು, ನಲವತ್ತು ದಾಟಿದ ನಾನು ಎದ್ದು ನಿಂತು ಸೆರಗು ಸರಿ ಮಾಡಿಕೊಳ್ಳುತ್ತೇನೆ. ಉಟ್ಟಿರುವುದು ಚೂಡಿದಾರವಾಗಿದ್ದರೂ ಸಹ!

ಆದರೆ ಕಳೆದ ವರ್ಷ ಆ ಅತ್ತೆಗೇ ಭಯವಾಯಿತು. ಅವರ ಹೃದಯದ ಒಂದು ಕವಾಟ ಕೆಟ್ಟಿತ್ತು, ಆಪರೇಷನ್ ಆಗಬೇಕಿತ್ತು, ಆ ವಿಷಯ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ಕೇಂದ್ರ ಸರ್ಕಾರ ಹೆದರಿ ಕೂತದ್ದನ್ನು ನೋಡಿದವಳು ನಾನೊಬ್ಬಳೇ. ಅದಕ್ಕಿಂತ ಹೆದರಿಕೆಯ ದೃಶ್ಯವನ್ನು ನಾನು ಈವರೆಗೆ ನೋಡಿಲ್ಲ.

ಅಲ್ಲಿಗೆ ಹೋಗುವ ಮೊದಲು ಆಡಳಿತ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು.

ಅತ್ತೆ ಶಿವಾಜಿನಗರದ ಒಂದು ಶಾಲೆಯಲ್ಲಿ ಪೌರನೀತಿಯ ಟೀಚರಾಗಿದ್ದರು. ಮನೆಯಲ್ಲಿ ತಮಿಳು, ಉರ್ದು, ತೆಲುಗು ಮಾತಾಡುವ ಮಕ್ಕಳಿಗೆ ಕನ್ನಡದಲ್ಲಿ ಸಂವಿಧಾನ ಬಾಯಿಪಾಠ ಮಾಡಿಸಿದವರು. ಮದುವೆಯಾಗಲಿಲ್ಲ. ತಾಯಿ ಬೇಗ ಹೋದ್ದರಿಂದ ಮೂವರು ತಮ್ಮಂದಿರನ್ನು ಅವರೇ ಸಾಕಿದರು. ತಾತನ ಪಾಲಿಗೆ ಉಳಿದ ತುಂಡು ದ್ರಾಕ್ಷಿ ತೋಟದ ಮೇಲೆ ಈ ಮನೆ ಎದ್ದಾಗ, ಗೃಹಪ್ರವೇಶದ ಮರುದಿನವೇ ನೆಲಮಹಡಿಯ ಬೀರುವಿನ ಬಾಗಿಲಿಗೆ ಮೂರು ಹಾಳೆ ಅಂಟಿಸಿದರು. ದೇಶದ ಸಂವಿಧಾನದಲ್ಲಿ ಯಾವ ಕೆಲಸ ಕೇಂದ್ರದ್ದು, ಯಾವುದು ರಾಜ್ಯದ್ದು, ಯಾವುದು ಇಬ್ಬರದ್ದೂ ಎಂದು ಮೂರು ಪಟ್ಟಿಗಳಿವೆಯಲ್ಲ, ಹಾಗೇ.

ಕೇಂದ್ರ ಪಟ್ಟಿ ಉದ್ದವಾಗಿತ್ತು. ನೀರಿನ ಸಂಪು, ಮೋಟರಿನ ಸ್ವಿಚ್ಚು, ಗೇಟಿನ ಬೀಗ, ತಾರಸಿಯ ಬೀಗ, ಹಬ್ಬದ ತೀರ್ಮಾನ, ಹೆಣ್ಣು ಗಂಡು ನೋಡುವುದು, ಹೊರಗಿನವರೊಂದಿಗೆ ಜಗಳ. ರಾಜ್ಯ ಪಟ್ಟಿಯಲ್ಲಿ ಮೂರೇ ಇದ್ದವು: ದಿನದ ಪಲ್ಯ ಯಾವುದು, ಟೀವಿಯಲ್ಲಿ ಯಾವ ಚಾನೆಲ್ಲು, ಗಂಡಹೆಂಡಿರ ಒಳಜಗಳ. ಮೂರನೆಯದು ಸಮವರ್ತಿ ಪಟ್ಟಿ, ಅಂದರೆ ಇಬ್ಬರೂ ಕೈ ಹಾಕಬಹುದಾದದ್ದು. ಅದು ಖಾಲಿ. ತಲೆಬರಹ ಬರೆದು ಕೆಳಗೆ ನೀಟಾಗಿ ಗೆರೆ ಎಳೆದದ್ದು ಬಿಟ್ಟರೆ ಒಂದಕ್ಷರವಿಲ್ಲ.

"ಇದ್ಯಾಕೆ ಅತ್ತೆ ಖಾಲಿ?" ಎಂದು ಚಿಕ್ಕವಳಿದ್ದಾಗ ಕೇಳಿದ್ದೆ.

"ಇಬ್ಬರ ಕೆಲಸ ಅಂದ್ರೆ ಇಬ್ಬರೂ ಮಾಡಲ್ಲ. ಸ್ಟಾಫ್ ರೂಮಲ್ಲಿ ದಿನಾ ನೋಡ್ತೀನಿ."

"ಮೂರು ಪಟ್ಟೀಲೂ ಇಲ್ದೇ ಇರೋದು ಬಂದ್ರೆ?"

"ಉಳಿದ ಅಧಿಕಾರವೆಲ್ಲ ಕೇಂದ್ರಕ್ಕೆ. ಬೇಕಾದ್ರೆ ಸಂವಿಧಾನ ತೆಗೆದು ನೋಡು."

ನಾನು ತೆಗೆದು ನೋಡಿದೆ. ಹಾಗೇ ಇತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಬೆಕ್ಕು ಮರಿ ಹಾಕಿದರೂ, ಪಕ್ಕದ ಮನೆಯ ನುಗ್ಗೆಮರ ನಮ್ಮ ಕಾಂಪೌಂಡಿಗೆ ಬಾಗಿದರೂ, ಸಣ್ಣ ಚಿಕ್ಕಪ್ಪನಿಗೆ ಮೀಸೆ ಬಿಡುವ ಮನಸ್ಸಾದರೂ ಅದು ಕೇಂದ್ರದ ವಿಷಯ. ಮೀಸೆಗೆ ಅನುಮತಿ ಸಿಗಲಿಲ್ಲ. ಅವರಿಗೆ ಈಗ ಐವತ್ತೆಂಟು.

ತಮಾಷೆ ಇರುವುದು ಇನ್ನು ಮುಂದೆ. ಮನೆಯಲ್ಲಿ ಇಷ್ಟು ಬಿಗಿಯಾದ ಕೇಂದ್ರವಾಗಿದ್ದ ಅತ್ತೆ ಗೇಟು ದಾಟಿದ ತಕ್ಷಣ ರಾಜ್ಯಗಳ ಪಕ್ಷ! ದಿಲ್ಲಿಯವರು ರಾಜ್ಯಗಳ ಅಧಿಕಾರವನ್ನು ಒಂದೊಂದಾಗಿ ಎತ್ತಿಕೊಂಡು ಹೋಗುತ್ತಿದ್ದಾರೆ, ನಾವು ಕೊಡುವುದು ಹೆಚ್ಚು, ನಮಗೆ ಮರಳುವುದು ಕಡಿಮೆ ಎಂದು ಪತ್ರಿಕೆಗಳ ವಾಚಕರ ವಾಣಿಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ಒಮ್ಮೆ ಹಲಸೂರಿನ ಒಂದು ಬ್ಯಾಂಕಿಗೆ ನನ್ನನ್ನೂ ಕರೆದುಕೊಂಡು ಹೋದರು. ಕೊಟ್ಟ ಅರ್ಜಿ ನಮೂನೆಯಲ್ಲಿ ಹಿಂದಿ, ಇಂಗ್ಲಿಷ್ ಎರಡೇ ಇದ್ದವು. ಅತ್ತೆ ಅದನ್ನು ಮೇಜಿನ ಮೇಲೆ ಮಗುಚಿಟ್ಟು ಮ್ಯಾನೇಜರ ಮುಂದೆ ಕೂತರು.

"ಮೇಡಂ, ನಾವೇನ್ ಮಾಡೋಣ, ಮೇಲಿಂದ ಹೀಗೇ ಬರುತ್ತೆ."

"ಮೇಲೆ ಅಂದ್ರೆ ಎಲ್ಲಿಂದ? ಮೇಲೆ ದೇವರಿದಾನೆ. ಅವನಿಗೆ ಕನ್ನಡ ಬರುತ್ತೆ."

ನಾನು ಹಿಂದಿನ ಕುರ್ಚಿಯಲ್ಲಿ ಬೆವರುತ್ತಿದ್ದೆ. ಪೊಲೀಸರನ್ನು ಕರೆದರೆ ಏನು ಗತಿ? ಅತ್ತೆ ಚೀಲದಿಂದ ಮರದ ಸ್ಕೇಲು, ಪೆನ್ನು ತೆಗೆದು, ಬಿಳಿ ಹಾಳೆಯ ಮೇಲೆ ಗೆರೆ ಎಳೆದು, ಇಡೀ ನಮೂನೆಯನ್ನು ಕನ್ನಡದಲ್ಲಿ ತಾವೇ ತಯಾರಿಸಿ, ತುಂಬಿ, ಸಹಿ ಹಾಕಿ ಮುಂದಿಟ್ಟರು. ಮ್ಯಾನೇಜರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸೀಲು ಒತ್ತಿದರು. ಆ ಸ್ಕೇಲನ್ನು ನೆನಪಿಟ್ಟುಕೊಳ್ಳಿ.

ಇಡೀ ದೇಶಕ್ಕೆ ಒಂದೇ ತೆರಿಗೆ ಎಂದಾದಾಗ ಅತ್ತೆ ಮೂರು ಕಾಗದ ಬರೆದರು. ರಾಜ್ಯಗಳ ಕೈ ಕಟ್ಟಿಹಾಕಿದಂತಾಯಿತು ಎಂದು ಅವರ ವಾದ. ಅದೇ ತಿಂಗಳು ಮನೆಯಲ್ಲಿ ಒಂದು ಘೋಷಣೆ ಹೊರಬಿತ್ತು: ಇನ್ನು ಮುಂದೆ ಒಂದೇ ಮನೆ, ಒಂದೇ ಸಾರಿನ ಪುಡಿ. ಅಲ್ಲಿಯವರೆಗೆ ಮಹಡಿಗೊಂದು ಪುಡಿ ಇತ್ತು. ಈಗ ಮೂರೂ ಮಹಡಿಯವರು ಮೆಣಸಿನಕಾಯಿ, ಧನಿಯ, ಜೀರಿಗೆಗಳನ್ನು ಕೇಂದ್ರಕ್ಕೆ ಒಪ್ಪಿಸಬೇಕು. ಕೇಂದ್ರ ಹುರಿದು, ಮಿಲ್ಲಿಗೆ ಕಳಿಸಿ, ಡಬ್ಬಿಯಲ್ಲಿ ತುಂಬಿ ಹಂಚುತ್ತದೆ. ನಮ್ಮಮ್ಮ ಬ್ಯಾಡಗಿ ಮೆಣಸಿನಕಾಯಿ ಚೀಲಗಟ್ಟಲೆ ಕೊಟ್ಟರೂ ನಮಗೆ ಬರುತ್ತಿದ್ದುದು ಸಣ್ಣ ಡಬ್ಬಿ. ಒಂದು ಹಿಡಿ ಧನಿಯ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದ ಮೂರನೇ ಮಹಡಿಗೆ ದೊಡ್ಡ ಡಬ್ಬಿ.

"ನಾವು ಕೊಟ್ಟಿದ್ದೆಷ್ಟು, ನಮಗೆ ಬಂದಿದ್ದೆಷ್ಟು ಅತ್ತೆ?" ಎಂದು ನಾನು ಜೀವ ಕೈಯಲ್ಲಿ ಹಿಡಿದು ಕೇಳಿದೆ. "ನೀವೇ ಪೇಪರಿಗೆ ಹಿಂಗೇ ಬರೀತೀರಲ್ಲ?"

"ಅದು ದೇಶ. ಇದು ಮನೆ. ಮೂರನೇ ಮಹಡೀಲಿ ಮಕ್ಕಳು ಜಾಸ್ತಿ ಇದಾವೆ, ನಿಮ್ಮಲ್ಲಿ ನೀನೊಬ್ಬಳು. ಡಬ್ಬಿ ಮುಚ್ಚಳ ಸರಿಯಾಗಿ ಹಾಕು, ಘಮ ಹೋಗುತ್ತೆ."

ಎಲ್ಲಕ್ಕಿಂತ ಭೀಕರವಾದದ್ದು ಎರಡನೇ ಮಹಡಿಯ ಮೇಲೆ ಹೇರಿದ ರಾಷ್ಟ್ರಪತಿ ಆಳ್ವಿಕೆ. ಚಿಕ್ಕಮ್ಮ ತಂಗಿಯ ಬಾಣಂತನಕ್ಕೆಂದು ಕೋಲಾರಕ್ಕೆ ಹೋಗಿದ್ದರು. ಚಿಕ್ಕಪ್ಪ ಹಾಲು ಒಲೆಯ ಮೇಲಿಟ್ಟು ಪಕ್ಕದ ಮನೆಗೆ ಕ್ರಿಕೆಟ್ ನೋಡಲು ಹೋದರು. ಪಾತ್ರೆ ಸೀದು ಹೊಗೆ ಕಿಟಕಿಯಿಂದ ಹೊರಬಂತು. ಅತ್ತೆ ಗೊಂಚಲು ಹಿಡಿದು ಮೆಟ್ಟಿಲು ಹತ್ತಿದರು. ಅರ್ಧದಲ್ಲಿ ಕಂಬಿ ಹಿಡಿದು ನಿಂತರು, ಮತ್ತೆ ಹತ್ತಿದರು, ಮತ್ತೆ ನಿಂತರು. ಅದು ಗಾಂಭೀರ್ಯಕ್ಕೆ ಎಂದುಕೊಂಡೆವು. ಎಂಥ ಕುರುಡರು ನಾವು! ದಿನವಿಡೀ ಕಣ್ಣು ಪರೀಕ್ಷೆ ಮಾಡುವ ನಾನೂ ಸೇರಿ.

ಅಡುಗೆಮನೆಗೆ ಬೀಗ ಬಿತ್ತು. ಮುನ್ನೂರೈವತ್ತಾರನೇ ವಿಧಿಯನ್ವಯ ರಾಜ್ಯದ ಆಡಳಿತ ಕುಸಿದಿದೆ ಎಂದು ಘೋಷಣೆಯಾಯಿತು. ನನ್ನನ್ನು ರಾಜ್ಯಪಾಲೆಯಾಗಿ ನೇಮಿಸಿದರು. ಒಂಬತ್ತು ದಿನ ಚಿಕ್ಕಪ್ಪ ಕಾಫಿ ಬೇಕೆಂದರೂ ನನಗೆ ಚೀಟಿ ಬರೆದುಕೊಡಬೇಕಾಗಿತ್ತು, ನಾನದನ್ನು ನಡುಗುತ್ತ ಕೆಳಗೆ ಒಯ್ಯುತ್ತಿದ್ದೆ. ಚಿಕ್ಕಮ್ಮ ಕೋಲಾರದಿಂದ ಬಂದು, ಬ್ಯಾಗು ಇಳಿಸಿ, "ಅತ್ತಿಗೆ, ಸುಸ್ತಾಗಿದೆ, ಬೀಗ ತೆಗೀರಿ" ಎಂದಾಗಲೇ ಚುನಾಯಿತ ಸರ್ಕಾರ ಮರಳಿದ್ದು.

ಅದಾದ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಮೆಟ್ಟಿಲಿಳಿಯುತ್ತಿದ್ದೆ. ಕೆಳಗಿನ ಮೂರನೇ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದರು. ಮಡಿಲಲ್ಲಿ ನಮ್ಮ ಮಹಡಿಗೆ ತರುತ್ತಿದ್ದ ಪುಡಿಯ ಡಬ್ಬಿ. ತುಟಿಯ ಬಣ್ಣ ನೀಲಿಗೆ ತಿರುಗಿತ್ತು.

"ಯಾರಿಗೂ ಹೇಳ್ಬೇಡ," ಎಂದರು. "ಒಂದು ಆಟೋ ಹಿಡಿ."

ಸಿಕ್ಕ ಆಟೋದವನು ಅವರ ಹಳೆಯ ವಿದ್ಯಾರ್ಥಿ. ಕನ್ನಡಿಯಲ್ಲಿ ನೋಡಿ ಗುರುತು ಹಿಡಿದ. "ಅರೇ, ಪೌರನೀತಿ ಟೀಚರ್ ಅಲ್ವಾ? ನಿಮ್ದು ಪೆಟ್ಟು ಇನ್ನಾ ಗ್ಯಾಪ್ಕ ಐತೆ ಟೀಚರ್."

ಅತ್ತೆಗೆ ಉಸಿರು ಮೇಲಕ್ಕೆ ಬರುತ್ತಿರಲಿಲ್ಲ. ಆದರೂ ಕೇಳಿದರು: "ರಾಜ್ಯಪಾಲರನ್ನ... ಯಾರು... ನೇಮಿಸ್ತಾರೆ?"

"ರಾಷ್ಟ್ರಪತಿ, ಟೀಚರ್."

"ಗುಡ್," ಎಂದು ಅತ್ತೆ ಕಣ್ಣು ಮುಚ್ಚಿದರು. ಅವನು ಆಮೇಲೆ ಒಂದು ಮಾತೂ ಆಡದೆ ಕುಕ್ ಟೌನಿನ ಹಂಪುಗಳನ್ನೆಲ್ಲ ಮೆಲ್ಲಗೆ ದಾಟಿಸಿ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದ. ನಾನು ದಾರಿಯುದ್ದಕ್ಕೂ ಅವರ ಮಣಿಕಟ್ಟು ಹಿಡಿದಿದ್ದೆ. ಅತ್ತೆಯನ್ನು ಮುಟ್ಟುವ ಧೈರ್ಯ ಎಲ್ಲಿಂದ ಬಂತೋ ತಿಳಿಯದು.

ಕವಾಟ ಕಿರಿದಾಗಿದೆ, ಈ ತಿಂಗಳಲ್ಲೇ ಆಪರೇಷನ್ ಮಾಡಬೇಕು, ತಡಮಾಡುವ ಹಾಗಿಲ್ಲ ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಕೂತು ಅತ್ತೆ ನನ್ನಿಂದ ಆಣೆ ಮಾಡಿಸಿಕೊಂಡರು. ತಮ್ಮಂದಿರಿಗೆ ತಿಳಿಯಕೂಡದು.

"ಯಾಕತ್ತೆ? ಅವರು ನಿಮ್ಮ ತಮ್ಮಂದಿರು."

"ಅದಕ್ಕೇ. ಕೇಂದ್ರ ಗಟ್ಟಿ ಇಲ್ಲ ಅಂತ ಗೊತ್ತಾದ್ರೆ ಮೊದಲು ಒಬ್ಬ ಬೇರೆ ಮೋಟರ್ ಹಾಕಿಸ್ತಾನೆ. ಆಮೇಲೆ ಇನ್ನೊಬ್ಬ ಬೇರೆ ಗೇಟು. ಆಮೇಲೆ ಗೋಡೆ."

ಗೋಡೆ ಎನ್ನುವಾಗ ಅವರ ದನಿ ಬೇರೆಯಾಯಿತು. ಅವರಿಗೆ ಹತ್ತು ವರ್ಷವಿದ್ದಾಗ ತಾತ ಮತ್ತು ತಾತನ ಅಣ್ಣ ತೋಟ ಪಾಲು ಮಾಡಿಕೊಂಡರಂತೆ. ಹಳೆಯ ಮನೆಯ ಅಡುಗೆಮನೆಯ ನಡುವೆಯೇ ಇಟ್ಟಿಗೆ ಗೋಡೆ ಎದ್ದಿತಂತೆ. ಅತ್ತೆಯ ಜೊತೆಗೇ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ದೊಡ್ಡಪ್ಪನ ಮಗಳು ಗೋಡೆಯ ಆಚೆ ಉಳಿದಳು. "ಅವಳು ಪಾತ್ರೆ ತೊಳಿಯೋ ಸದ್ದು ಕೇಳ್ತಿತ್ತು ಕಣೇ. ಬಳೆ ಸದ್ದಲ್ಲೇ ಅವಳು ಅಂತ ಗೊತ್ತಾಗ್ತಿತ್ತು. ಮಾತಾಡಿಸೋ ಹಾಗಿರಲಿಲ್ಲ. ಅವಳು ಮದುವೆಯಾಗಿ ಹೋದ ದಿನ ಸದ್ದು ನಿಂತಿತು, ಅಷ್ಟೇ." ಅತ್ತೆ ಇದನ್ನು ಮುಖ ಆಚೆ ತಿರುಗಿಸಿಕೊಂಡು ಹೇಳಿದರು. ಮೂರು ಪಟ್ಟಿಗಳ ಹಿಂದೆ ಅಧಿಕಾರದಾಸೆ ಇದೆ ಎಂದು ಇಷ್ಟು ವರ್ಷ ನಂಬಿದ್ದೆ. ಇದ್ದದ್ದು ಒಂದು ಹತ್ತು ವರ್ಷದ ಹುಡುಗಿಯ ಹೆದರಿಕೆ.

ಮುಂದಿನ ದಿನಗಳನ್ನು ಹೇಗೆ ಕಳೆದೆನೋ! ಬೆಳಿಗ್ಗೆ ಆರಕ್ಕೆ ಕೇಂದ್ರ ಸರ್ಕಾರ ಮೋಟರು ಹಾಕುತ್ತದೆ. ಆ ಗುರ್ ಎನ್ನುವ ಸದ್ದು ಕೇಳಿಸಿದರೆ ಅತ್ತೆ ಇದ್ದಾರೆ ಎಂದರ್ಥ. ನಾನು ಐದೂವರೆಗೇ ಎದ್ದು ಹಾಸಿಗೆಯ ಮೇಲೆ ಕೂತು ಕಿವಿಗೊಟ್ಟು ಕಾಯುತ್ತಿದ್ದೆ. ಸದ್ದು ಬಂದ ಮೇಲೆ ಒಂದು ಗಂಟೆ ನಿದ್ದೆ. ಅಂಗಡಿಯಲ್ಲಿ ಒಬ್ಬರಿಗೆ ಎಡಗಣ್ಣಿನ ಪವರನ್ನು ಬಲಗಣ್ಣಿಗೆ ಬರೆದುಕೊಟ್ಟೆ. ಅತ್ತೆ ಮಾತ್ರ ಹಬ್ಬ ಕಳೆಯಲಿ, ಪುಡಿ ಹಂಚಿಕೆ ಮುಗಿಯಲಿ ಎಂದು ದಿನ ತಳ್ಳುತ್ತಲೇ ಇದ್ದರು.

ಅಮಾವಾಸ್ಯೆಯ ಬೆಳಿಗ್ಗೆ ಆರು ಗಂಟೆಯಾಯಿತು. ಸದ್ದಿಲ್ಲ. ಆರೂ ಐದು. ಸದ್ದಿಲ್ಲ. ಚಪ್ಪಲಿಯೂ ಇಲ್ಲದೆ ಓಡಿದೆ. ಅತ್ತೆ ಸ್ವಿಚ್ಚಿನ ಕೆಳಗೆ ಗೋಡೆಗೊರಗಿ ನಿಂತಿದ್ದರು. ಕೈ ಅಲ್ಲಿಯವರೆಗೆ ಎತ್ತಲಾಗುತ್ತಿರಲಿಲ್ಲ.

"ನೀನೇ ಹಾಕು," ಎಂದರು.

ಈ ಮನೆ ಕಟ್ಟಿದಾಗಿನಿಂದ ಆ ಸ್ವಿಚ್ಚನ್ನು ಅವರಲ್ಲದೆ ಬೇರೆ ಯಾರೂ ಮುಟ್ಟಿರಲಿಲ್ಲ. ನಾನು ಒತ್ತಿದೆ. ಮೋಟರು ಎಂದಿನ ಹಾಗೇ ಗುರುಗುಟ್ಟಿತು.

ಪ್ರತಿ ಅಮಾವಾಸ್ಯೆಯಂದು ಮೂರೂ ಮಹಡಿಯವರು ನೆಲಮಹಡಿಯಲ್ಲಿ ಒಟ್ಟಿಗೆ ಊಟಕ್ಕೆ ಕೂರುವುದು ನಮ್ಮ ಮನೆಯ ಪದ್ಧತಿ. ಅದೂ ಕೇಂದ್ರ ಪಟ್ಟಿಯದ್ದೇ. ಅವತ್ತು ಎಲೆಯ ಮುಂದೆ ಕೂತು, ಮೊದಲ ತುತ್ತಿಗೆ ಮುಂಚೆ, ಹಲ್ಲಿಗೆ ಹೆದರುವ ನಾನು ಆಣೆ ಮುರಿದು ಎಲ್ಲವನ್ನೂ ಹೇಳಿಬಿಟ್ಟೆ. ಅತ್ತೆ ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯುತ್ತಿತ್ತು. ಸಣ್ಣ ಚಿಕ್ಕಪ್ಪ ಎಲೆಯ ಮುಂದಿನಿಂದ ಎದ್ದು ಹೋಗಿ ಅಕ್ಕನ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟರು. "ಏಳಕ್ಕ, ಹೋಗೋಣ. ಊಟ ಆಮೇಲೆ," ಎಂದರು.

ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಎರಡು ದಿನ ಬಿಟ್ಟು ಬೆಳಿಗ್ಗೆ ಆಪರೇಷನ್ ಎಂದಾಯಿತು. ಆ ಬೆಳಿಗ್ಗೆ ನರ್ಸಮ್ಮ ಒಪ್ಪಿಗೆಯ ಕಾಗದ ಹಿಡಿದು ಬಂದರು.

"ಪೇಷೆಂಟ್ ಸೈನ್ ಆಗಿದೆ. ಮನೆಯವರು ಒಬ್ಬರು ಮಾಡಿ. ಯಾರು ಮಾಡ್ತೀರ?"

ಮೂವರು ತಮ್ಮಂದಿರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಕ್ಕನ್ನ ಒಂದ್ಸಲ ಕೇಳಿಬಿಡೋಣ," ಎಂದರು ನಮ್ಮಪ್ಪ.

"ಸಾರ್, ಆಪರೇಷನ್ ಅವರಿಗೇ ಸಾರ್."

"ಇದು ಯಾವ ಪಟ್ಟೀಲಿ ಬರುತ್ತೆ?" ಎಂದು ಚಿಕ್ಕಪ್ಪ ತಮ್ಮನನ್ನು ಮೆಲ್ಲಗೆ ಕೇಳಿದರು.

"ಯಾವುದ್ರಲ್ಲೂ ಇಲ್ಲ ಅಣ್ಣ."

"ಇಲ್ಲ ಅಂದ್ರೆ ಕೇಂದ್ರಕ್ಕೇ ಅಲ್ವಾ?"

"ಕೇಂದ್ರ ಅಂದ್ರೆ ಯಾವುದು ಸಾರ್? ಗೌರ್ಮೆಂಟ್ ಸ್ಕೀಮಾ?" ಎಂದು ನರ್ಸಮ್ಮ ತಲೆ ಕೆರೆದುಕೊಂಡರು.

ಬೇರೆ ದಿನವಾಗಿದ್ದರೆ ನಾನು ನಕ್ಕು ಸಾಯುತ್ತಿದ್ದೆ. ಆದರೆ ಆ ಮೂವರೂ ತಮಾಷೆ ಮಾಡುತ್ತಿರಲಿಲ್ಲ. ಅಕ್ಕನ ಅಪ್ಪಣೆಯಿಲ್ಲದೆ ಈವರೆಗೆ ಒಂದು ಮೊಳೆಯನ್ನೂ ಹೊಡೆಯದ ಕೈಗಳವು. ಪೆನ್ನು ಹಿಡಿದವು, ಇಟ್ಟವು, ಮತ್ತೆ ಹಿಡಿದವು. ಏನಾದರೂ ಹೆಚ್ಚುಕಡಿಮೆಯಾದರೆ ಆ ಸಹಿ ತನ್ನದಾಗಿರುತ್ತದಲ್ಲ ಎಂಬ ಭಯ ಮೂವರ ಕಣ್ಣಲ್ಲೂ ಕಾಣುತ್ತಿತ್ತು. ಡಾಕ್ಟರು ಕಾಯುತ್ತಿದ್ದರು. ನಾನು ಕಾಗದ ಕಿತ್ತುಕೊಂಡು ಪರದೆಯ ಒಳಗೆ ಅತ್ತೆಯ ಬಳಿ ಹೋದೆ.

ಹಸಿರು ಅಂಗಿಯಲ್ಲಿ ಅವರು ಚಿಕ್ಕದಾಗಿ ಕಾಣುತ್ತಿದ್ದರು. ಸೊಂಟದಲ್ಲಿ ಗೊಂಚಲಿರಲಿಲ್ಲ.

"ಯಾರೂ ಸೈನ್ ಮಾಡ್ತಿಲ್ಲ ಅತ್ತೆ. ಹೆದರಿಕೊಂಡಿದಾರೆ."

"ಎಷ್ಟು ಗೆರೆ ಇದೆ?"

"ಒಂದೇ."

"ನನ್ನ ಚೀಲದಲ್ಲಿ ಸ್ಕೇಲಿದೆ. ಇನ್ನು ಮೂರು ಗೆರೆ ಎಳಿ. ಮೂವರೂ ಮಾಡ್ಲಿ. ನಾಲ್ಕನೇದು ನಿಂದು."

ಹಾಗೆಲ್ಲ ಮಾಡುವ ಹಾಗಿಲ್ಲ ಎಂದರು ನರ್ಸಮ್ಮ. ಆಮೇಲೆ ನಮ್ಮಪ್ಪನ ಮುಖ ನೋಡಿ ಸುಮ್ಮನಾದರು. ನಾಲ್ಕು ಸಹಿ ಬಿದ್ದವು. ನನ್ನದು ಯಾವ ಭಾಷೆಯಲ್ಲಿದೆ ಎಂದು ನನಗೇ ಗುರುತು ಸಿಗದಷ್ಟು ಸೊಟ್ಟಗಿತ್ತು.

ಬಾಗಿಲು ಮುಚ್ಚಿತು. ಕಾದೆವು. ಮಧ್ಯಾಹ್ನಕ್ಕೆ ಮೂರು ಮಹಡಿಯಿಂದಲೂ ಊಟದ ಡಬ್ಬಿ ಬಂತು. ಯಾರೂ ಯಾರನ್ನೂ ಕೇಳದೆ ತಂದಿದ್ದರು, ಮೂರರಲ್ಲೂ ಅನ್ನ ಸಾರೇ. ನಮ್ಮಪ್ಪ ಚಿಕ್ಕಪ್ಪನ ಡಬ್ಬಿಯಿಂದ ಒಂದು ತುತ್ತು ತಿಂದರು, ಸಣ್ಣ ಚಿಕ್ಕಪ್ಪನದರಿಂದ ಒಂದು ತುತ್ತು, ನಮ್ಮದರಿಂದ ಒಂದು. "ಎಲ್ಲ ಒಂದೇ ರುಚಿ ಕಣ್ರೋ," ಎಂದವರು ಡಬ್ಬಿ ಕೆಳಗಿಟ್ಟು ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೆದುರು ಅತ್ತುಬಿಟ್ಟರು. ಪುಡಿಯ ಹಂಚಿಕೆಯ ಬಗ್ಗೆ ನನಗಿದ್ದ ಎಲ್ಲ ದೂರುಗಳನ್ನೂ ನಾನು ಅಲ್ಲೇ ಹಿಂತೆಗೆದುಕೊಂಡೆ. ದೇವರೇ, ನಮಗೆ ಡಬ್ಬಿಯೇ ಬೇಡ, ಹಂಚುವವರು ಇರಲಿ ಎಂದು ಬೇಡಿಕೊಂಡೆ.

ಸಂಜೆ ಡಾಕ್ಟರು ಹೊರಬಂದು, ಆಯಿತು, ಚೆನ್ನಾಗಿದ್ದಾರೆ ಎಂದರು.

ಮನೆಗೆ ಬಂದ ಮೇಲೂ ಅತ್ತೆ ಹಲವು ವಾರ ಹಾಸಿಗೆಯಲ್ಲೇ ಇದ್ದರು. ಬೇರೆ ಮೋಟರನ್ನು ಯಾರೂ ಹಾಕಿಸಲಿಲ್ಲ. ಇದ್ದ ಒಂದೇ ಸ್ವಿಚ್ಚಿಗೆ ಮೂವರು ತಮ್ಮಂದಿರೂ ಬೆಳಿಗ್ಗೆ ಆರಕ್ಕೆ ಒಟ್ಟಿಗೆ ಇಳಿದುಬಂದು, ನೀನು ಹಾಕು ನೀನು ಹಾಕು ಎಂದು ನಿಲ್ಲುತ್ತಿದ್ದರು. ಕೊನೆಗೆ ಅತ್ತೆ ಆ ಕೆಲಸವನ್ನು ನನಗೆ ವಹಿಸಿದರು.

ಒಂದು ಬೆಳಿಗ್ಗೆ ಮೋಟರು ಹಾಕಲು ಇಳಿದವಳು ಅವರ ಮಾತ್ರೆಗಾಗಿ ಬೀರುವಿನ ಮುಂದೆ ನಿಂತೆ. ಹಳದಿಗಟ್ಟಿದ ಮೂರು ಹಾಳೆಗಳು ಅಲ್ಲೇ ಇದ್ದವು. ಸಮವರ್ತಿ ಪಟ್ಟಿ ಖಾಲಿ ಇರಲಿಲ್ಲ. ಎಲ್ಲರೂ ಮಲಗಿದ್ದಾಗ ಯಾವಾಗಲೋ ಅತ್ತೆ ಎದ್ದು ಗೋಡೆ ಹಿಡಿದು ಬಂದಿರಬೇಕು. ಮೊದಲ ಗೆರೆಯ ಮೇಲೆ, ನಡುಗಿದ ಅಕ್ಷರದಲ್ಲಿ, ಒಂದೇ ನಮೂದು: "ನಾನು."

"ಓದಿದ್ಯಾ?" ಎಂದರು ಹಾಸಿಗೆಯಿಂದ.

"ಓದಿದೆ ಅತ್ತೆ."

"ಇಬ್ಬರ ಕೆಲಸ ಅಂತ ಕೈ ಬಿಟ್ಟೀರಿ, ಹುಷಾರು."

ಮಾತ್ರೆ ಕೊಡಲು ಹತ್ತಿರ ಹೋದೆ. ಅವರು ನುಂಗಿ, ನೀರು ಕುಡಿದು, ನನ್ನ ಕೈ ಹಿಡಿದುಕೊಂಡರು. "ಆರಾಯ್ತು, ಹೋಗಿ ಮೋಟರ್ ಹಾಕು," ಎಂದರು. ಎಂದರೇ ಹೊರತು ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಅವತ್ತು ಮೂರೂ ಮಹಡಿಗೆ ನೀರು ಬರುವಾಗ ಏಳೂವರೆಯಾಗಿತ್ತು. ಯಾವ ರಾಜ್ಯವೂ ದೂರು ಕೊಡಲಿಲ್ಲ.